ನಾಲ್ಕು ರೂಪಾಯಿ ಸಂಬಳದ ಗುರು

ಪುಣೆಯ ದಂಡು ಪ್ರದೇಶದಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಪೂನಾ ಕ್ಲಬ್ 1892ರ ಸುಮಾರಿಗೆ ಹರೆಯದ ಹುಡುಗನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡಿತು. ಸಂಬಳ ತಿಂಗಳಿಗೆ ನಾಲ್ಕು ರೂಪಾಯಿ. ಪಿಚ್ ಗುಡಿಸಬೇಕು, ರೋಲರ್ ಎಳೆಯಬೇಕು, ಗೆರೆ ಹಾಕಬೇಕು, ಅಭ್ಯಾಸಕ್ಕೆ ಬಲೆ ಕಟ್ಟಬೇಕು. ಅದೆಲ್ಲ ಮುಗಿಯಿತೆನ್ನುವಷ್ಟರಲ್ಲಿ ಟೆನಿಸ್ ಅಂಕಣದ ಕೆಲಸ ಕಾದಿರುತ್ತಿತ್ತು. ಹುಡುಗನ ಹೆಸರು ಬಾಳೂ. ಮನೆತನದ ಹೆಸರು ಪಳವಣಕರ್. ಜಾತಿ, ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯರ ಪೈಕಿ ಚಮ್ಮಾರ. ಕ್ಲಬ್ಬಿನವರು ಕೆಲಸಕ್ಕೆ ಇಟ್ಟುಕೊಂಡದ್ದು ಒಬ್ಬ ಆಳನ್ನು. ಅವರಿಗೆ ದಕ್ಕಿದ್ದು ಆ ಊರಿನ ಅತ್ಯುತ್ತಮ ಕ್ರಿಕೆಟ್ ಶಿಕ್ಷಕ.

ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರ ಸುಮಾರಿಗೆ. ಮುಂಬಯಿ ಇಲಾಖೆಯ ದಕ್ಷಿಣ ಜಿಲ್ಲೆಗಳನ್ನು ಧಾತು-ಈಶ್ವರ ಸಂವತ್ಸರಗಳ ಘೋರ ಬರ ಹಿಂಡಿದ ಹೊತ್ತು ಅದು. ಮನೆತನದ ಮೂಲ ಕೊಂಕಣದ ರತ್ನಾಗಿರಿ ಸೀಮೆಯ ಪಳವಣ ಎಂಬ ಊರು. ತಂದೆಗೆ ಸೈನ್ಯದ ನಂಟಿನ ನೌಕರಿ, ಆದ್ದರಿಂದ ಸಂಸಾರ ಊರೂರು ತಿರುಗಿ ಪುಣೆ ಸೇರಿತು. ಧಾರವಾಡದಲ್ಲಿ ಹುಟ್ಟಿದ ಎಂಬ ಒಂದೇ ಕಾರಣಕ್ಕೆ ಇವನು ನಮ್ಮವ ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಆದರೆ ಬಾಳೂವನ್ನು ಬೆಳೆಸಿದ್ದು ಪುಣೆ, ಅವಮಾನಿಸಿದ್ದೂ ಪುಣೆ. ಕತೆ ಅಲ್ಲಿಯದೇ.

ಸೈನ್ಯದ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು, ಸವೆದ ಚೆಂಡು, ಇವೇ ಬಾಳೂ ಮತ್ತು ತಮ್ಮ ಶಿವರಾಮನ ಮೊದಲ ಕ್ರಿಕೆಟ್ ಸರಂಜಾಮು. ಮೊದಲ ಕೆಲಸ ಸಿಕ್ಕಿದ್ದು ಪುಣೆಯ ಪಾರ್ಸಿಗಳ ಕ್ಲಬ್ಬಿನಲ್ಲಿ. ಮೈದಾನ ನೋಡಿಕೊಳ್ಳುವುದು, ಯಾರಾದರೂ ಕರೆದರೆ ನಾಲ್ಕು ಚೆಂಡು ಎಸೆಯುವುದು, ತಿಂಗಳಿಗೆ ಮೂರು ರೂಪಾಯಿ. ಅಲ್ಲಿಂದ ಯುರೋಪಿಯನ್ನರ ಕ್ಲಬ್ಬಿಗೆ ಬಂದದ್ದರಿಂದ ಒಂದು ರೂಪಾಯಿ ಬಡ್ತಿಯಾಯಿತು. ಟ್ರಾಸ್ ಎಂಬ ಬಿಳಿಯನೊಬ್ಬ ಈ ಹುಡುಗನನ್ನು ಬಲೆಯಲ್ಲಿ ಬೌಲ್ ಮಾಡಲು ಹುರಿದುಂಬಿಸಿದನಂತೆ. ಕ್ಯಾಪ್ಟನ್ ಬಾರ್ಟನ್ ಎಂಬ ಎಡಗೈ ಬೌಲರನ ನಯವಾದ ಶೈಲಿಯನ್ನು ಹುಡುಗ ಕಣ್ಣಲ್ಲೇ ಕಲಿತನಂತೆ. ಬಾಳೂವೂ ಎಡಚ.

ಆಮೇಲೆ ಬಂದ ಗ್ರೇಗ್.

ಜಾನ್ ಗ್ಲೆನ್ನಿ ಗ್ರೇಗ್ ಹುಟ್ಟಿದ್ದು ಮಧ್ಯ ಭಾರತದ ಮಹೂ ದಂಡಿನಲ್ಲಿ, 1871ರಲ್ಲಿ. ಸೈನ್ಯದ ಅಧಿಕಾರಿ, ಇಂಗ್ಲೆಂಡಿಗೆ ಹೋದಾಗ ಹ್ಯಾಂಪ್‌ಶೈರ್ ಕೌಂಟಿಯ ಆಟಗಾರ, ಕೊನೆಗಾಲದಲ್ಲಿ ಕ್ಯಾಥೊಲಿಕ್ ಪಾದ್ರಿ. 'ಜೆ. ಗ್ಲೆನ್ನಿ' ಎಂಬ ಹೆಸರು ದೇಶೀಯರ ಬಾಯಲ್ಲಿ 'ಜಂಗ್ಲಿ' ಆಗಿ, ಕೊನೆಗೆ ಗೆಳೆಯರೂ ಹಾಗೆಯೇ ಕರೆದರು. ಭಾರತದಲ್ಲಿದ್ದ ಬಿಳಿಯ ಬ್ಯಾಟ್ಸ್‌ಮನ್ನರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಈ ಗ್ರೇಗ್ ಉಳಿದವರಿಗಿಂತ ಒಂದು ತಾಸು ಮೊದಲೇ ಮೈದಾನಕ್ಕೆ ಬಂದು ಬಾಳೂವಿನಿಂದ ಬೌಲ್ ಮಾಡಿಸಿಕೊಳ್ಳುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಎಂಬ ಮಾತು ಪ್ರತೀತಿಯಲ್ಲಿದೆ. ಅದು ನಿಜವಾದರೆ ಲೆಕ್ಕ ಹಾಕಿ ನೋಡಿ: ತಿಂಗಳಲ್ಲಿ ಎಂಟು ಸಲ ಗ್ರೇಗ್‌ನನ್ನು ಉರುಳಿಸಿದರೆ ಇನ್ನೊಂದು ಸಂಬಳ.

ಬಲೆಯಲ್ಲಿ ಆ ತಾಸು ನಡೆಯುತ್ತಿದ್ದುದು ಬರಿಯ ಕಸರತ್ತಲ್ಲ. ಎಡಗೈ ಸ್ಪಿನ್ನರನ ಚೆಂಡು ನೆಲಕ್ಕೆ ಬಿದ್ದು ಬಲಗೈ ಬ್ಯಾಟ್ಸ್‌ಮನ್ನನಿಂದ ದೂರಕ್ಕೆ, ಸ್ಲಿಪ್ ಕಡೆಗೆ ಹೊರಳುತ್ತದೆ. ಆಡುವವ ಅದಕ್ಕೆ ಒಗ್ಗಿಕೊಂಡು ಬ್ಯಾಟನ್ನು ಹೊರಗೆ ಚಾಚತೊಡಗಿದನೋ, ಅದೇ ಕೈ, ಅದೇ ಓಟ, ಅದೇ ಬೀಸಿನಲ್ಲಿ ಬಂದ ಒಂದು ಚೆಂಡು ಹೊರಳದೆ ನೇರ ನುಗ್ಗಿ ಕಾಲಿಗೋ ಕೋಲಿಗೋ ಬಡಿಯುತ್ತದೆ. ಇದನ್ನು ಎದುರಿಸಬೇಕಾದರೆ ಚೆಂಡನ್ನು ಕೈಯಿಂದಲೇ ಓದಬೇಕು, ಕಾಲು ಚುರುಕಾಗಬೇಕು, ಮುಂದೆ ಹೋಗುವುದೋ ಹಿಂದೆ ಸರಿಯುವುದೋ ಎಂಬುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೀರ್ಮಾನವಾಗಬೇಕು. ಬಾಳೂವಿಗೆ ಇನ್ನೊಂದು ಅನುಕೂಲವಿತ್ತು ಎಂದು ನನ್ನ ಎಣಿಕೆ. ಆ ಪಿಚ್ಚಿಗೆ ನೀರು ಹಾಕಿ, ಉರುಳೆ ಎಳೆದು, ಗುಡಿಸಿದವನೇ ಅವನು. ಎಲ್ಲಿ ಹಸಿ ಇದೆ, ಎಲ್ಲಿ ಹುಡಿ ಎದ್ದಿದೆ ಎಂಬುದು ಅವನ ಅಂಗಾಲಿಗೇ ಗೊತ್ತಿರುತ್ತದೆ. ಗ್ರೇಗ್‌ನ ಆಟ ಈ ಸಾಣೆಯಲ್ಲಿ ಹರಿತವಾಯಿತು. ಯಾರು ಯಾರಿಗೆ ಕಲಿಸಿದರು ಎಂದು ಕ್ಲಬ್ಬಿನವರು ಯಾರೂ ಕೇಳಿಕೊಂಡಂತಿಲ್ಲ.

ಕೇಳಿಕೊಳ್ಳುವ ಕಾಲ ಇನ್ನೂ ಬಂದಿರಲಿಲ್ಲ ಎನ್ನುವಂತೆಯೂ ಇಲ್ಲ. ಅದೇ 1892ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ ತನ್ನ ಬಾಗಿಲು ತೆರೆದಾಗ ಮೂವತ್ತು ವರ್ಷದ ಆಮೋಸ್ ಅಲೊಂಜೊ ಸ್ಟಾಗ್ ಎಂಬವನನ್ನು ಕರೆತಂದು, ಸಹ ಪ್ರಾಧ್ಯಾಪಕನ ಕಾಯಂ ಹುದ್ದೆ ಕೊಟ್ಟು, ಹುಡುಗರಿಗೆ ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಕಲಿಸಲು ನೇಮಿಸಿತು. ಸ್ಟಾಗ್ ಅಲ್ಲಿ ನಾಲ್ಕು ದಶಕ ಫುಟ್‌ಬಾಲ್ ತಂಡವನ್ನು ಪಳಗಿಸಿದ. ಆಟ ಕಲಿಸುವುದು ವಿದ್ಯೆ, ಅದಕ್ಕೆ ಮೇಷ್ಟರ ಮರ್ಯಾದೆ ಸಲ್ಲಬೇಕು ಎಂದು ಒಂದು ವಿಶ್ವವಿದ್ಯಾಲಯ ಕಾಗದದ ಮೇಲೆ ಒಪ್ಪಿಕೊಂಡ ವರ್ಷದಲ್ಲೇ ಪುಣೆಯಲ್ಲಿ ಅದೇ ವಿದ್ಯೆಯನ್ನು ರೋಲರ್ ಎಳೆಯುವವನ ಕೂಲಿಯೊಳಗೆ ಸೇರಿಸಿ ವಸೂಲು ಮಾಡಲಾಗುತ್ತಿತ್ತು. ಅಮೆರಿಕದ ವಿಶ್ವವಿದ್ಯಾಲಯವನ್ನು ಬ್ರಿಟಿಷ್ ದಂಡಿನ ಕ್ಲಬ್ಬಿನ ಪಕ್ಕ ಇಡುವುದು ಅನ್ಯಾಯ ಎನ್ನುವವರಿದ್ದಾರು. ಇರಲಿ. ಆದರೆ ಅದೇ ದಶಕದಲ್ಲಿ ಪಟಿಯಾಲದ ಅರಮನೆ ಇಂಗ್ಲೆಂಡಿನಿಂದ ವೃತ್ತಿಪರ ಆಟಗಾರರನ್ನು ಕರೆಸಿಕೊಂಡು ಕ್ರಿಕೆಟ್ ಕಲಿಯುತ್ತಿತ್ತು. ಕಲಿಸುವ ಕಸುಬಿಗೆ ನಮ್ಮಲ್ಲೂ ಬೆಲೆ ಇತ್ತು. ಕಲಿಸುವವನ ಮೈಬಣ್ಣ ನೋಡಿ ಬೆಲೆ ಕಟ್ಟುತ್ತಿದ್ದರು.

ಪೂನಾ ಕ್ಲಬ್ಬಿನ ದಿನಗಳ ಬಗ್ಗೆ ಬಾಳೂ ಮುಂದೆ ಹೇಳಿಕೊಂಡ ಒಂದು ಸಂಗತಿ ಇದೆ. ಅಲ್ಲಿ ಅವನು ನೂರಾರು ತಾಸು ಬೌಲ್ ಮಾಡಿದ. ಆದರೆ ಒಂದೇ ಒಂದು ಸಲವೂ ಅವನ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟ್ ಬೀಸುವುದು ದೊರೆಗಳ ಕೆಲಸ, ಚೆಂಡು ಎಸೆದು ಬೆವರುವುದು ಆಳಿನ ಕೆಲಸ. ಈ ವಿಭಜನೆಯನ್ನು ಇಂಗ್ಲಿಷರು ತಮ್ಮ ಊರಿನಿಂದಲೇ ತಂದಿದ್ದರು. ಅಲ್ಲಿಯೂ ಸಿರಿವಂತ ಹವ್ಯಾಸಿಗಳು ಬ್ಯಾಟ್ಸ್‌ಮನ್ನರು, ಕೂಲಿಗೆ ಆಡುವವರು ಬೌಲರುಗಳು ಎಂಬುದು ಹೆಚ್ಚುಕಡಿಮೆ ರೂಢಿಯಾಗಿತ್ತು. ಪುಣೆಯಲ್ಲಿ ಅದರ ಮೇಲೆ ಜಾತಿಯ ಇನ್ನೊಂದು ಪದರ ಕೂತಿತು.

ಗ್ರೇಗ್‌ನನ್ನು ಕಾಡುವ ಹುಡುಗನ ಸುದ್ದಿ ಊರೊಳಗಿನ ಹಿಂದೂ ಕ್ಲಬ್ಬಿಗೂ ಮುಟ್ಟಿತು. ಅವರಿಗೂ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಬಾಳೂವನ್ನು ತಂಡಕ್ಕೆ ಸೇರಿಸಬೇಕೇ ಬೇಡವೇ ಎಂಬ ಜಗಳ ಎದ್ದಿತು. ತೆಲುಗು ಮಾತಾಡುವ ಸದಸ್ಯರು ಬೇಕು ಎಂದರು, ಪುಣೆಯ ಬ್ರಾಹ್ಮಣ ಸದಸ್ಯರಲ್ಲಿ ಹಲವರು ಒಪ್ಪಲಿಲ್ಲ. ಇಂಥ ಬೌಲರನನ್ನು ಬಿಟ್ಟುಕೊಡುವ ಹಿಂದೂಗಳು ಮೂರ್ಖರು ಎಂಬ ಅರ್ಥದ ಮಾತನ್ನು ಗ್ರೇಗ್ ಆಡಿದ ಮೇಲೆ ವಿರೋಧ ಸಡಿಲವಾಯಿತು ಎನ್ನುತ್ತಾರೆ. ಅಸ್ಪೃಶ್ಯನನ್ನು ತಂಡಕ್ಕೆ ಸೇರಿಸಿಕೊಳ್ಳಲು ಬಿಳಿಯನ ಶಿಫಾರಸು ಬೇಕಾಯಿತು. ಗ್ರೇಗ್ ಹಾಗೆ ಹೇಳಿದ್ದು ಉದಾರತೆಯಿಂದಲೋ, ಪಂದ್ಯದಲ್ಲಿ ಬಾಳೂವನ್ನು ಎದುರಿಸಿ ತನ್ನ ಕೈ ನೋಡಿಕೊಳ್ಳುವ ಆಸೆಯಿಂದಲೋ? ಎರಡನೆಯದಿದ್ದೀತು ಎಂದು ನನಗೆ ಅನಿಸುತ್ತದೆ.

ಬಾಳೂ ಹಿಂದೂ ತಂಡ ಸೇರಿದ. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಆ ಚೆಂಡಿನ ಹೊದಿಕೆ ಹದಮಾಡಿದ ಚರ್ಮ ಎಂಬುದು ಯಾರಿಗೂ ತೊಡಕಾಗಲಿಲ್ಲ. ಚಹಾದ ವಿರಾಮ ಬಂತೆಂದರೆ ಉಳಿದವರು ಪೆವಿಲಿಯನ್ ಒಳಗೆ ಹೋಗುತ್ತಿದ್ದರು, ಅವರಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ. ಬಾಳೂವಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಬೇಕಾದರೆ ಅಸ್ಪೃಶ್ಯ ಜಾತಿಯ ಆಳೊಬ್ಬ ಮೈದಾನದ ಮೂಲೆಗೆ ನೀರು ತಂದು ಹೊಯ್ಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಆ ದಿನಗಳ ಪುಣೆಯಲ್ಲಿ ಚಹಾ ಎಂದರೆ ಬರಿಯ ಚಹಾ ಅಲ್ಲ. 1890ರಲ್ಲಿ ಪಂಚ್ ಹೌದ್ ಮಿಷನ್ ಶಾಲೆಯಲ್ಲಿ ಊರಿನ ಗಣ್ಯರಿಗೆ ಒಂದು ಸಭೆ ನಡೆದು, ಕೊನೆಗೆ ಪಾದ್ರಿಗಳು ಚಹಾ-ಬಿಸ್ಕತ್ತು ಕೊಟ್ಟರು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆ ಕಪ್ ಹಿಡಿದು ಕೆಳಗಿಟ್ಟರು. ಬಂದವರಲ್ಲಿ ಮಹಾದೇವ ಗೋವಿಂದ ರಾನಡೆ ಇದ್ದರು, ಬಾಲಗಂಗಾಧರ ತಿಲಕರೂ ಇದ್ದರು. ಡಾಕ್ಟರ್ ಆನಂದಿಬಾಯಿಯ ಗಂಡ ಗೋಪಾಳರಾವ್ ಜೋಶಿ, ಕೀಟಲೆಯಲ್ಲಿ ಎತ್ತಿದ ಕೈ, ಹೆಸರುಗಳ ಪಟ್ಟಿಯನ್ನು ಪತ್ರಿಕೆಗೆ ಕೊಟ್ಟುಬಿಟ್ಟ. ಊರಿಗೆ ಊರೇ ಹೊತ್ತಿಕೊಂಡಿತು. ಸನಾತನಿಗಳು ಬಹಿಷ್ಕಾರದ ಮಾತೆತ್ತಿದರು, ವ್ಯಾಜ್ಯ ಶಂಕರಾಚಾರ್ಯರ ತನಕ ಹೋಯಿತು. ತಿಲಕರು ತಾವು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡದ್ದಾಗಿ ಹೇಳಿದರು. ಸುಧಾರಕರ ಮುಂದಾಳು ರಾನಡೆಯವರೂ 1892ರಲ್ಲಿ ಪ್ರಾಯಶ್ಚಿತ್ತಕ್ಕೆ ತಲೆಬಾಗಿದಾಗ ಅವರ ಅಭಿಮಾನಿಗಳೇ ಬೇಸರಪಟ್ಟರು. ಜಾತಿಪದ್ಧತಿಯ ವಿರುದ್ಧ ಹೋರಾಡಿದ ಮಹಾತ್ಮಾ ಫುಲೆ ಆ ಹೊತ್ತಿಗೆ ತೀರಿಕೊಂಡಿದ್ದರು. ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

ಇಂಥ ಊರಿನಲ್ಲಿ ಬಾಳೂವಿನ ಕೈಯ ಮಣ್ಣಿನ ಕುಡಿಕೆಯನ್ನು ನೋಡಬೇಕು. ಪಾದ್ರಿಗಳ ಚಹಾಕೂಟಕ್ಕೆ ಹೋದ ರಾನಡೆಯಂಥ ವಿದ್ವಾಂಸನಿಗೇ ದಂಡ ಬಿದ್ದಿತು. ಚಮ್ಮಾರನ ಪಕ್ಕ ಕೂತು ಕುಡಿಯುವ ಧೈರ್ಯ ಕ್ಲಬ್ಬಿನ ಆಟಗಾರರಿಗೆ ಎಲ್ಲಿಂದ ಬರಬೇಕು? ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ. ಹೆದರಿಕೆ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಹೇಳಿದೆ.

ಗೆಲುವು ಮಾತ್ರ ಬಂತು. ಬಾಳೂವಿನ ಬೌಲಿಂಗಿನ ಬಲದಿಂದ ಹಿಂದೂಗಳು ಪುಣೆಯ ಯುರೋಪಿಯನ್ನರನ್ನು ಮಣಿಸಿದರು. ಆಮೇಲೆ ಸಾತಾರದ ಬಿಳಿಯರ ಜಿಮ್‌ಖಾನಾ ವಿರುದ್ಧ ಪಂದ್ಯ. ಸಾತಾರದವರು ಬಾಳೂವಿನ ಸುದ್ದಿ ಕೇಳಿ, ಚೆಂಡು ಹೊರಳದಂತೆ ಪಿಚ್ಚಿನ ಮೇಲೆ ದಿನಗಟ್ಟಲೆ ರೋಲರ್ ಓಡಿಸಿದ್ದರಂತೆ. ರೋಲರಿನ ಮರ್ಮ ಬಲ್ಲವನಿಗೇ ರೋಲರ್! ಬಾಳೂ ಏಳು ವಿಕೆಟ್ ಕಿತ್ತ. ಪುಣೆಯಲ್ಲಿ ಸನ್ಮಾನ ನಡೆಯಿತು. ಸಾರ್ವಜನಿಕ ಸಭೆಯಲ್ಲಿ ಹಾರ ಹಾಕಿದವರು ರಾನಡೆ, ಅದೇ ಚಹಾ ಪ್ರಕರಣದ ರಾನಡೆ. ಇವನೊಡನೆ ಆಡುವವರು ಇವನೊಡನೆ ಕೂತು ಉಣ್ಣಬೇಕು ಎಂದು ಅವರು ಆಟಗಾರರಿಗೆ ಬುದ್ಧಿ ಹೇಳಿದರು ಎನ್ನುತ್ತಾರೆ. ಮುಂದೊಂದು ಸಭೆಯಲ್ಲಿ ತಿಲಕರೂ ಬಾಳೂವನ್ನು ಹೊಗಳಿದರು. ರಾನಡೆಯವರ ಪ್ರಾಯಶ್ಚಿತ್ತವನ್ನು ಹೇಡಿತನ ಎಂದು ಬರೆದವರು ಈ ಹಾರವನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು.

1896-97ರ ಪ್ಲೇಗ್ ಪುಣೆಯನ್ನು ಖಾಲಿ ಮಾಡಿತು. ಬಾಳೂ ಮುಂಬಯಿಗೆ ಹೋದರು. ಸೈನ್ಯದ ನಂಟು, ರೈಲ್ವೆಯ ನೌಕರಿ, ಹಿಂದೂ ಜಿಮ್‌ಖಾನಾದ ತಂಡ. ಅಲ್ಲಿಯೂ ಕೆಲವರು ತಕರಾರು ತೆಗೆದರು, ನಾಯಕ ಕೀರ್ತಿಕರ್ ಪಟ್ಟು ಹಿಡಿದು ಸೇರಿಸಿಕೊಂಡರು. ಮುಂಬಯಿಯಲ್ಲಿ ಪಂಕ್ತಿಭೇದ ಕ್ರಮೇಣ ಸಡಿಲವಾಯಿತು, ಪುಣೆಯಲ್ಲಿ ಆಗದ್ದು ಅಲ್ಲಿ ಆಯಿತು. 1906ರ ಫೆಬ್ರುವರಿಯಲ್ಲಿ ಬಾಂಬೆ ಜಿಮ್‌ಖಾನಾ ಮೈದಾನದಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ಪಂದ್ಯ. ಬಂಗಾಳದ ವಿಭಜನೆಯಾಗಿ ಕೆಲವೇ ತಿಂಗಳಾಗಿತ್ತು, ಸ್ವದೇಶಿಯ ಕಾವು ದೇಶಕ್ಕೆಲ್ಲ ಹಬ್ಬಿತ್ತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಹಿಂದೂಗಳಿಗೆ 109 ರನ್ನುಗಳ ಗೆಲುವು. ಬಾಳೂ ಎರಡೂ ಇನ್ನಿಂಗ್ಸ್ ಸೇರಿ ಎಂಟು ವಿಕೆಟ್ ಪಡೆದರು, ಕೊನೆಯ ಇನ್ನಿಂಗ್ಸ್‌ನಲ್ಲಿ ಐದು. ಮುಂಬಯಿಯ 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆ ಸ್ಕೋರಿಗಿಂತ ಹೆಚ್ಚಾಗಿ ತಂಡದವರು ಒಟ್ಟಿಗೆ ಕೂತು ಉಂಡದ್ದನ್ನು ಕೊಂಡಾಡಿತು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಬಾಳೂ, ಶಿವರಾಮ ಇಬ್ಬರೂ ಅದರಲ್ಲಿದ್ದರು. ಬೆಂಗಳೂರಿನ ಬಿ. ಜಯರಾಮ್ ಕೂಡ ಇದ್ದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯವರಾದ ಜಯರಾಮ್ ಡಬ್ಲ್ಯು.ಜಿ. ಗ್ರೇಸ್ ಅವರ ಲಂಡನ್ ಕೌಂಟಿ ತಂಡದಲ್ಲಿ ಮೊದಲೇ ಆಡಿ ಬಂದವರು. ಮಹಾರಾಜರಿಗೆ ಔತಣಕೂಟಗಳೇ ಹೆಚ್ಚಾಗಿ, ಅವರು ಆಡಿದ್ದು ಕೆಲವೇ ಪಂದ್ಯ. ತಂಡ ಸೋತದ್ದೇ ಹೆಚ್ಚು. ಮೂವತ್ತೈದು ದಾಟಿದ್ದ ಬಾಳೂ ಮಾತ್ರ ನೋಯುವ ಭುಜ ಇಟ್ಟುಕೊಂಡೇ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್ನಿಗೆ ಎಂಟು ವಿಕೆಟ್. ಲೆಸ್ಟರ್‌ಶೈರ್ ಕೌಂಟಿಯನ್ನು ಭಾರತ ಸೋಲಿಸಿದ್ದರಲ್ಲಿ ಅವರ ಪಾಲು ದೊಡ್ಡದು. ಪುಣೆಯ ಬಲೆಯಲ್ಲಿ ಗ್ರೇಗ್ ಪಟ್ಟ ಪಾಡನ್ನು ಇಂಗ್ಲೆಂಡಿನವರು ಒಂದು ಬೇಸಿಗೆಯಿಡೀ ಪಟ್ಟರು.

ಶಿವರಾಮನಲ್ಲದೆ ಗಣಪತ, ವಿಠ್ಠಲ ಎಂಬ ತಮ್ಮಂದಿರೂ ಹಿಂದೂ ತಂಡಕ್ಕೆ ಆಡಿದರು. ಒಂದೇ ಮನೆಯ ನಾಲ್ವರು. ಬಾಳೂಗೆ ನಾಯಕತ್ವ ಕೊಡಿ ಎಂಬ ಕೂಗು ವರ್ಷ ವರ್ಷ ಏಳುತ್ತಿತ್ತು, ವರ್ಷ ವರ್ಷ ಇನ್ಯಾರೋ ನಾಯಕರಾಗುತ್ತಿದ್ದರು. 1920ರಲ್ಲಿ ಬಾಳೂವನ್ನು ತಂಡದಿಂದಲೇ ಕೈಬಿಟ್ಟಾಗ ಶಿವರಾಮ, ವಿಠ್ಠಲ ಇಬ್ಬರೂ ಪ್ರತಿಭಟಿಸಿ ಹೊರಗುಳಿದರು. ಪತ್ರಿಕೆಗಳಲ್ಲಿ ಗದ್ದಲವಾಗಿ, ಮುಂದಿನ ಪಂದ್ಯಕ್ಕೆ ಅಣ್ಣತಮ್ಮಂದಿರನ್ನು ವಾಪಸು ಕರೆದು ಬಾಳೂವನ್ನು ಉಪನಾಯಕರನ್ನಾಗಿ ಮಾಡಲಾಯಿತು. ನಾಯಕ ಎಂ.ಡಿ. ಪೈ ಆಟದ ನಡುವೆ ಮೈದಾನದಿಂದ ಹೊರಗೆ ಹೋಗಿ ಬಾಳೂ ತಂಡ ನಡೆಸಲು ದಾರಿ ಮಾಡಿಕೊಟ್ಟರು. 1923ರಲ್ಲಿ ವಿಠ್ಠಲ ಪೂರ್ಣ ಪ್ರಮಾಣದ ನಾಯಕರಾದರು. ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ ಸಿಕ್ಕಿತು. ಆಗ ಗಾಂಧೀಜಿ ಅಸ್ಪೃಶ್ಯತೆಯನ್ನು ಕಾಂಗ್ರೆಸ್ಸಿನ ಕಾರ್ಯಕ್ರಮವನ್ನಾಗಿ ಮಾಡಿದ್ದರು ಎಂಬುದನ್ನು ಮರೆಯುವಂತಿಲ್ಲ; ವಿಠ್ಠಲರ ಬ್ಯಾಟಿಂಗ್ ಒಂದರಿಂದಲೇ ಆದ ಕೆಲಸ ಇದಲ್ಲ.

ಬಾಳೂ ಮತ್ತೆ ಪುಣೆಯ ಇತಿಹಾಸಕ್ಕೆ ಬಂದದ್ದು 1932ರಲ್ಲಿ, ಚೆಂಡಿಲ್ಲದೆ. ಆ ಜೂನ್‌ನಲ್ಲಿ ಭಾರತ ಲಾರ್ಡ್ಸ್‌ನಲ್ಲಿ ತನ್ನ ಮೊದಲ ಟೆಸ್ಟ್ ಆಡಿತು. ಬಾಳೂಗೆ ಆಗ ಐವತ್ತಾರರ ಆಸುಪಾಸು. ಸೆಪ್ಟೆಂಬರಿನಲ್ಲಿ ಪುಣೆಯ ಯರವಡಾ ಜೈಲಿನಲ್ಲಿ ಗಾಂಧೀಜಿ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವುದರ ವಿರುದ್ಧ ಉಪವಾಸ ಕೂತರು. ದಲಿತರ ಪ್ರತಿನಿಧಿಗಳನ್ನು ಆರಿಸುವುದು ಸವರ್ಣರ ಕೈಯಲ್ಲಿ ಉಳಿಯಬಾರದು, ಪ್ರತ್ಯೇಕ ಮತಕ್ಷೇತ್ರ ಬೇಕು ಎಂಬುದು ಅಂಬೇಡ್ಕರ್ ನಿಲುವು. ಬಾಳೂ ಮತ್ತು ಇನ್ನೊಬ್ಬ ದಲಿತ ಮುಖಂಡ ಎಂ.ಸಿ. ರಾಜಾ ಗಾಂಧೀಜಿಯ ಕಡೆಗೆ ವಾಲಿದವರು. ಸಂಧಾನದಲ್ಲಿ ಓಡಾಡಿದ ದಲಿತ ಮುಖಂಡರಲ್ಲಿ ಬಾಳೂ ಒಬ್ಬರು; ಸೆಪ್ಟೆಂಬರ್ 24ರ ಪುಣೆ ಒಪ್ಪಂದಕ್ಕೆ ರುಜು ಹಾಕಿದವರಲ್ಲೂ ಒಬ್ಬರು. ಹೊರಗೆ ನಿಂತು ಕುಡಿಕೆಯಲ್ಲಿ ಚಹಾ ಕುಡಿದವರ ರುಜು ಇಲ್ಲದೆ ಅದೇ ಊರಿನ ಹೆಸರಿನ ಒಪ್ಪಂದ ಪೂರ್ತಿಯಾಗುತ್ತಿರಲಿಲ್ಲ.

ತರುಣ ಅಂಬೇಡ್ಕರ್ ಪಾಲಿಗೆ ಬಾಳೂ ಅಭಿಮಾನದ ವ್ಯಕ್ತಿಯಾಗಿದ್ದರು. 1937ರ ಚುನಾವಣೆಯಲ್ಲಿ ಅದೇ ಅಂಬೇಡ್ಕರ್ ವಿರುದ್ಧ ಕಾಂಗ್ರೆಸ್ ಬಾಳೂವನ್ನು ಮುಂಬಯಿಯಲ್ಲಿ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. ಕಾಂಗ್ರೆಸ್ ಮಾಡಿದ್ದು ಜಾಣ ಲೆಕ್ಕಾಚಾರ, ಆದರೆ ಒಳ್ಳೆಯ ಕೆಲಸ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮುಂದಿನ ಪೀಳಿಗೆಯ ದಲಿತ ರಾಜಕಾರಣಕ್ಕೆ ಬಾಳೂ ಬೇಡವಾದದ್ದಕ್ಕೆ ಆ ಒಂದು ಸ್ಪರ್ಧೆ ಸಾಕಾಯಿತು. ಟೆಸ್ಟ್ ಆಡದವರೆಂದು ಕ್ರಿಕೆಟ್ಟಿನವರೂ ಮರೆತರು.

1955ರ ಜುಲೈ 4ರಂದು ಬಾಳೂ ಮುಂಬಯಿಯಲ್ಲಿ ತೀರಿಕೊಂಡರು. ಪ್ರಥಮ ದರ್ಜೆಯ 33 ಪಂದ್ಯ, 179 ವಿಕೆಟ್, ವಿಕೆಟ್ಟಿಗೆ 15.21 ರನ್ನಿನ ಸರಾಸರಿ. ಇಷ್ಟಾದರೂ ಅರ್ಧ ಶತಮಾನ ಅವರ ಹೆಸರು ಮಸುಕಾಗಿತ್ತು. ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ 2002ರ ತಮ್ಮ ಕ್ರಿಕೆಟ್ ಇತಿಹಾಸದಲ್ಲಿ ಅದನ್ನು ಮೇಲೆತ್ತಿದರು. ಅದಕ್ಕೂ ಮೊದಲೇ, 1948ರಲ್ಲಿ, ತಮ್ಮ ವಿಠ್ಠಲ 'ಮಾಝೇ ಕ್ರೀಡಾ ಜೀವನ' ಎಂಬ ಆತ್ಮಕಥೆಯನ್ನು ಮರಾಠಿಯಲ್ಲಿ ಬರೆದಿದ್ದರು. ಈ ಮನೆಯವರೇ ತಮ್ಮ ಬಾಯಿಂದ ಹೇಳಿದ ಮಾತು ಅದು. ಮರಾಠಿ ಓದಬಲ್ಲ ಧಾರವಾಡ, ಬೆಳಗಾವಿ, ವಿಜಯಪುರದ ಓದುಗರು ಅದನ್ನು ಹುಡುಕಿ ಓದಲಿ. ಓದಿದವರು ಪಕ್ಕದವರಿಗೆ ಕನ್ನಡದಲ್ಲಿ ಹೇಳಲಿ.